ಕದಲದ ಮುಳ್ಳು

ವೋಲ್ಟೇಜ್ ಅಳೆಯುವ ಮೀಟರಿನ ಮುಳ್ಳು ಸೊನ್ನೆಯಿಂದ ಕದಲಲಿಲ್ಲ. ಮಾವ ಅದನ್ನೊಮ್ಮೆ ದಿಟ್ಟಿಸಿ ನೋಡಿದರು. ಅದರ ಕೆಂಪು ಕಡ್ಡಿಯನ್ನು ಪಕ್ಕಕ್ಕಿಟ್ಟು, ಮೇಜಿನ ಮೇಲೆ ಬೋರಲಾಗಿ ತೆರೆದಿಟ್ಟಿದ್ದ ಟ್ಯೂಬ್ ಆಂಪ್ಲಿಫೈಯರಿನ ಕಡೆಗೆ ಬಲಗೈ ಚಾಚಿದರು.

ಎರಡು ಲೋಟ ಟೀ ಹಿಡಿದು ಆಗಷ್ಟೇ ರಿಪೇರಿ ಅಂಗಡಿಯ ಒಳಬಾಗಿಲಿಗೆ ಬಂದಿದ್ದ ಅವರ ಅಕ್ಕನ ಮಗಳು ಅಲ್ಲೇ ನಿಂತುಬಿಟ್ಟಳು. ಆ ಮೀಟರಿನ ಕೆಂಪು ತಂತಿ ಕಡ್ಡಿಯ ಹಿಡಿಕೆಯ ಬುಡದಲ್ಲಿ, ಹೊದಿಕೆಯ ಒಳಗೇ ತುಂಡಾಗಿತ್ತು. ಬೆಳಿಗ್ಗೆ ಅವಳಿಗೆ ಅದು ಗೊತ್ತಾಗಿ, ಬದಲಿಸೋಣ ಎಂದುಕೊಳ್ಳುವಷ್ಟರಲ್ಲಿ ಗಿರಾಕಿ ಬಂದಿದ್ದ. ಆಮೇಲೆ ಮರೆತೇಬಿಟ್ಟಿದ್ದಳು. ಈಗ ಅದು ಯಾವುದಕ್ಕೆ ಮುಟ್ಟಿಸಿದರೂ ಸೊನ್ನೆಯನ್ನೇ ತೋರಿಸುವ ಮೀಟರು. ಆಂಪ್ಲಿಫೈಯರಿನ ಪ್ಲಗ್ ಕಿತ್ತಿದ್ದೇನೋ ನಿಜ. ಆದರೆ ಅದರ ಹೊಟ್ಟೆಯಲ್ಲಿರುವ ದಪ್ಪ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಜೀವ ತೆಗೆಯಬಲ್ಲ ಕರೆಂಟನ್ನು, ನಾನೂರು ವೋಲ್ಟಿನವರೆಗೆ, ಹಿಡಿದಿಟ್ಟುಕೊಂಡಿರುತ್ತವೆ. ಪವರ್ ಟ್ಯೂಬುಗಳನ್ನು ಕಳಚಿಟ್ಟಿದ್ದರಿಂದ ಅದನ್ನು ಹೀರಿ ಖಾಲಿ ಮಾಡುವವರೂ ಇರಲಿಲ್ಲ. ಆ ವೋಲ್ಟೇಜನ್ನು ಮೆಲ್ಲಗೆ ಇಳಿಸಲೆಂದೇ ಇದ್ದ, ನಡುವೆ ರೆಸಿಸ್ಟರ್ ಕೂಡಿಸಿದ ಡಿಸ್ಚಾರ್ಜ್ ತಂತಿ ಗೋಡೆಯ ಮೊಳೆಗೆ ನೇತುಬಿದ್ದಿತ್ತು.

ಕಿರುಚುವಂತಿರಲಿಲ್ಲ. ತೆರೆದ ಆಂಪ್ಲಿಫೈಯರಿನ ಹತ್ತಿರ ಕೈಯಿಟ್ಟವರನ್ನು ಬೆಚ್ಚಿಬೀಳಿಸಬಾರದು, ಬೆಚ್ಚಿದ ಕೈ ಎಲ್ಲಿಗೆ ಹೋಗಿ ಬೀಳುತ್ತದೋ ಹೇಳಲಾಗದು. ಇದನ್ನು ಅವಳಿಗೆ ಕಲಿಸಿದವರು ಮಾವನೇ. ಆದರೆ ಅದು ಮಿದುಳಿಗೆ ಹೊಡೆತ ಬೀಳುವುದಕ್ಕೆ ಮುಂಚಿನ ಮಾವ. ಆಸ್ಪತ್ರೆಯಿಂದ ಬಂದ ಮಾವ ಹೋದ ವಾರ ಹಲ್ಲುಜ್ಜುವ ಬ್ರಶ್ಶಿಗೆ ಶೇವಿಂಗ್ ಕ್ರೀಮ್ ಹಚ್ಚಿಕೊಂಡಿದ್ದರು. "ಬೆಂಚಿನ ಹತ್ತಿರ ಮಾತ್ರ ಬಿಡಬೇಡ ಕಣೇ, ನಿನ್ನ ಕೈ ಮುಗೀತೀನಿ" ಎಂದಿದ್ದರು ಅತ್ತೆ. ಬರೀ ನೋಡುತ್ತಾ ಕೂತಿರುತ್ತೇನೆ ಎಂದು ಹಟಹಿಡಿದು ಮಾವ ಇವತ್ತು ಅಂಗಡಿಗೆ ಬಂದಿದ್ದರು. ಅವಳೂ ಹೂಂ ಎಂದಿದ್ದಳು.

"ಮಾವ," ಎಂದಳು, ಆದಷ್ಟೂ ಸಾದಾ ದನಿಯಲ್ಲಿ. "ಟೀಗೆ ಸಕ್ಕರೆ ಹಾಕ್ಲಾ?"

"ಯಾಕೆ, ಹಾಕಿಲ್ವಾ?"

"ಹಾಕಿದೀನಿ."

"ಹಾಕಿ ಆದ್ಮೇಲೆ ಹಾಕ್ಲಾ ಅಂತ ಯಾರಾದ್ರೂ ಕೇಳ್ತಾರಾ?" ಮಾವ ತಿರುಗಿ ನೋಡಲಿಲ್ಲ, ಕೈಯೂ ನಿಲ್ಲಲಿಲ್ಲ.

"ಅಲ್ಲ... ಸ್ವಲ್ಪ ಈ ಕಡೆ ಬಂದು ರುಚಿ ನೋಡಿ."

"ಅಲ್ಲೇ ಇಡೇ, ಬರ್ತೀನಿ."

ಕೈ ಆಂಪ್ಲಿಫೈಯರಿನ ಅಂಚಿನವರೆಗೆ ಹೋಯಿತು. ಕೈ ಅಂಚನ್ನು ಬಳಸಿಕೊಂಡು ಆಚೆಗೆ ಸರಿದು, ಸೋಲ್ಡರ್ ಸುರುಳಿಯ ಹಿಂದೆ ತಡಕಾಡಿ, ಒಂಬತ್ತು ವೋಲ್ಟಿನ ಚೌಕನೆಯ ಬ್ಯಾಟರಿಯೊಂದನ್ನು ಎತ್ತಿಕೊಂಡಿತು.

ಮಾವ ಕುರ್ಚಿಯನ್ನು ಹಿಂದಕ್ಕೆ ತಳ್ಳಿಕೊಂಡರು. ಆಮೇಲಷ್ಟೇ ಅವರ ಎಡಗೈ ಪ್ಯಾಂಟಿನ ಜೇಬಿನಿಂದ ಹೊರಗೆ ಬಂತು. ಅಷ್ಟು ಹೊತ್ತೂ ಅದು ಅಲ್ಲೇ ಇತ್ತೆಂಬುದು ಅವಳ ಕಣ್ಣಿಗೆ ಬಿದ್ದದ್ದು ಆಗ. ಕರೆಂಟು ಒಂದು ಕೈಯಿಂದ ಇನ್ನೊಂದು ಕೈಗೆ ಎದೆ ಹಾಯ್ದು ಹೋಗದಿರಲಿ ಎಂದು ಅವರು ಹಿಂದಿನಿಂದಲೂ ಪಾಲಿಸಿಕೊಂಡು ಬಂದ ಶಿಸ್ತು ಅದು. ಮೀಟರಿನ ಎರಡು ಕಡ್ಡಿಗಳನ್ನೂ ಬ್ಯಾಟರಿಗೆ ಮುಟ್ಟಿಸಿದರು. ಮುಳ್ಳು ಮಲಗೇ ಇತ್ತು. ಡ್ರಾಯರಿನಿಂದ ಹೊಸ ಬ್ಯಾಟರಿ ತೆಗೆದು ಮುಟ್ಟಿಸಿದರು. ಆಗಲೂ ಅಷ್ಟೇ.

"ಏನೇ ಇದು? ಈಗ ತಾನೇ ಆರಿಸಿದ ಆಂಪು, ಟ್ಯೂಬ್ ಬೇರೆ ಇಲ್ಲ. ಸೊನ್ನೆ ಅಂದ್ರೆ ನಂಬೋಕೆ ನಾನೇನು ನಿನ್ನೆ ಹುಟ್ಟಿದೋನಾ? ಸತ್ತಿರೋದು ಈ ಮೀಟರು. ಇದನ್ನ ಬೆಂಚಿನ ಮೇಲೆ ಇಟ್ಟ ಪುಣ್ಯಾತ್ಮ ಯಾರು?"

"ನಾನೇ, ಮಾವ."

"ಕೆಟ್ಟಿದೆ ಅಂತ ಗೊತ್ತಿತ್ತಾ?"

"ಬೆಳಿಗ್ಗೆನೇ ಗೊತ್ತಾಯ್ತು."

"ಗೊತ್ತಿದ್ದೂ ಇಟ್ಟಿದೀಯ! ಎತ್ತಿ ಮೂಲೆಗೆಸೆಯೋಕೆ ಏನಾಗಿತ್ತು ಕೈಗೆ? ನಿಮ್ಮಮ್ಮಂದೂ ಇದೇ ಕಥೆ, ಸೀಳು ಬಿಟ್ಟ ಲೋಟನ ತೊಳೆದು ಮತ್ತೆ ಅದೇ ಗೂಡಲ್ಲಿ ಇಡ್ತಿದ್ಲು. ನಾನು ಮುಟ್ಟಿದ್ರೆ ಹಾಳಾಗಿ ಹೋಗ್ಲಿ, ನಾಳೆ ಮರೆತು ನೀನೇ ಮುಟ್ಟಿದ್ರೆ?"

ಮಾವ ಕಟರ್ ತೆಗೆದು ಕೆಂಪು ತಂತಿಯನ್ನು ಕಚಕ್ಕನೆ ಕತ್ತರಿಸಿ, ಎರಡು ತುಂಡನ್ನೂ ಕಸದ ಡಬ್ಬಿಗೆ ಹಾಕಿದರು. ಇನ್ನೊಂದು ಮೀಟರನ್ನು ಮೊದಲು ಬ್ಯಾಟರಿಯಲ್ಲಿ ಪರೀಕ್ಷಿಸಿ, ಆಮೇಲೆ ಎಡಗೈಯನ್ನು ಜೇಬಿಗೆ ಸೇರಿಸಿ ಕೆಪಾಸಿಟರಿಗೆ ಮುಟ್ಟಿಸಿದರು. ಮುಳ್ಳು ಚಂಗನೆ ಮುನ್ನೂರರ ಆಚೆಗೆ ಹಾರಿತು. ಡಿಸ್ಚಾರ್ಜ್ ತಂತಿಯ ಒಂದು ತುದಿಯನ್ನು ಆಂಪ್ಲಿಫೈಯರಿನ ಲೋಹದ ಪೆಟ್ಟಿಗೆಗೆ ಕಚ್ಚಿಸಿ, ಇನ್ನೊಂದನ್ನು ಕೆಪಾಸಿಟರಿಗೆ ಕಚ್ಚಿಸಿ ಕಾದರು. ಮತ್ತೆ ಅಳೆದಾಗ ಮುಳ್ಳು ಮಿಸುಕಲಿಲ್ಲ. ಅಷ್ಟಕ್ಕೂ ಬಿಡದೆ, ಮೀಟರನ್ನು ಇನ್ನೊಮ್ಮೆ ಬ್ಯಾಟರಿಗೆ ಮುಟ್ಟಿಸಿ ನೋಡಿದರು.

"ನೋಡ್ತಾ ನಿಂತ್ಕೊಂಡಿದಾಳೆ ನೋಡು, ಗೊಂಬೆ ಥರ. ಟೀ ಆರೋಗುತ್ತೆ, ಕೊಡು ಇಲ್ಲಿ. ಹೊಸ ತಂತಿ ಎಲ್ಲಿಟ್ಟಿದೀಯ? ಅದೂ ಇಲ್ವಾ? ಅಂಗಡಿನಾ ಇದು, ಗುಜರಿನಾ?"

ಬೈಗುಳ ನಿಲ್ಲುವ ಲಕ್ಷಣ ಕಾಣಲಿಲ್ಲ. ಅವಳು ಲೋಟವನ್ನು ಅವರ ಬಲಗಡೆಗಿಟ್ಟು ಎದುರಿನ ಮೇಜಿಗೆ ಹೋದಳು. ಅರ್ಧಕ್ಕೆ ಬಿಟ್ಟಿದ್ದ ರೇಡಿಯೊವನ್ನು ಹತ್ತಿರಕ್ಕೆ ಎಳೆದುಕೊಂಡಳು. ಮಾವ ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಬಾರಿಗೆ, ಅವರಿಗೆ ಬೆನ್ನು ಮಾಡಿ ಕುಳಿತಳು.