ಎರಡು ಜಾಡಿ

ಪ್ರಯೋಗಾಲಯದವರೆಲ್ಲ ಅಕ್ಕ ಎನ್ನುವ ಸಹಾಯಕಿ ಹದಿನೆಂಟು ವರ್ಷ ಕೂತು ಕಪ್ಪೆ ವಿಂಗಡಿಸಿದ ಮೇಜನ್ನು ಮೊನ್ನೆ ಬಂದ ಸಂಶೋಧಕಿಗೆ ಕೊಟ್ಟರು. ದೊಡ್ಡ ಕಪ್ಪೆಗಿಂತ ಬೇರೆ ಪ್ರಭೇದವೆಂದು ಅಕ್ಕ ಗುರುತಿಸಿದ್ದ ಸಣ್ಣ ಕಪ್ಪೆಯನ್ನೂ ಆ ಸಂಶೋಧಕಿಯ ಪರೀಕ್ಷೆ ನಂಬಿ ಪಟ್ಟಿಯಿಂದ ಹೊಡೆದುಹಾಕಿದರು.

“ಎರಡರ ಮೈಟೊಕಾಂಡ್ರಿಯದ ಡಿಎನ್‌ಎ ಒಂದೇ. ಸಣ್ಣ ಕಪ್ಪೆಗಳನ್ನ ದೊಡ್ಡ ಕಪ್ಪೆಗಳ ಜಾಡಿಗೆ ಸುರಿದುಬಿಡಮ್ಮ,” ಎಂದರು ನಿರ್ದೇಶಕರು. ಸಂಶೋಧಕಿ ಅಕ್ಕನ ಕುರ್ಚಿಯಲ್ಲೇ ಕೂತು ಒಂದು ಸುತ್ತು ತಿರುಗಿದಳು. ಮುಚ್ಚಳವನ್ನು ಅರ್ಧ ತಿರುಗಿಸಿದ್ದ ಅಕ್ಕನ ಕೈ ನಿಂತಿತು.

“ಅದು ತಾಯಿಯಿಂದ ಮಾತ್ರ ಬರೋ ಡಿಎನ್‌ಎ ಸಾರ್. ಯಾವ ಕಾಲದಲ್ಲೋ ದೊಡ್ಡ ಕಪ್ಪೆಗಳ ಮನೆಯ ಹೆಣ್ಣೊಂದು ಸಣ್ಣವರ ಮನೆಗೆ ಸೊಸೆಯಾಗಿ ಬಂದಿರಬೇಕು. ಅವಳ ಗುರುತು ಮರಿಮಕ್ಕಳಲ್ಲಿ ಉಳಿದಿದೆ, ಅಷ್ಟೆ. ಮಿಕ್ಕ ಡಿಎನ್‌ಎ ನೋಡಿದ್ರಾ? ಕೂಗು ಕೇಳಿದ್ರಾ? ಎರಡೂ ಬೇರೆ ಬೇರೆ.”

ಸಂಶೋಧಕಿ ನಕ್ಕಳು. “ಅಕ್ಕಂಗೆ ನನ್ನ ಕಂಡ್ರೆ ಹೊಟ್ಟೆಕಿಚ್ಚು ಸಾರ್.”

“ಹೌದು ಕಣಮ್ಮ, ಉರೀತಿದೆ. ಆ ಕುರ್ಚೀಲಿ ನಿನ್ನ ನೋಡಿದ ದಿನದಿಂದ ಊಟ ಸೇರ್ತಿಲ್ಲ. ನಿನ್ನ ತಪ್ಪು ಸಿಕ್ಕಾಗ ಖುಷೀನೂ ಆಯ್ತು. ನನ್ನ ಹೊಟ್ಟೆ ಉರಿದ ಮಾತ್ರಕ್ಕೆ ನಿನ್ನ ತಪ್ಪು ಸರಿಯಾಗಲ್ಲ.”

“ಸುರೀತೀಯೋ, ಕೆಲಸ ಬಿಡ್ತೀಯೋ?” ನಿರ್ದೇಶಕರ ದನಿ ಏರಿತು.

ಅಕ್ಕ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಜಾಡಿಯನ್ನು ಎದೆಗವಚಿಕೊಂಡಳು.

“ಸುರಿಯಲ್ಲ ಸಾರ್.”