ನೈರೋಬಿಗೆ ಮೊಸರನ್ನ

ಈಗಲೂ ಬಿಸಿ ಅನ್ನಕ್ಕೆ ಹಾಲು ಸುರಿದರೆ ಮೈಸೂರು ಬಿಟ್ಟು ದೂರದಲ್ಲಿ ನಾವಿದ್ದ ಸದರ್ನ್ ಅವೆನ್ಯೂ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಹೊಸದಾಗಿ ಮದುವೆಯಾಗಿದ್ದ ಅಕ್ಕ ಅಂದು ಸಂಜೆ ದಮ್‌ದಮ್ ಏರ್‌ಪೋರ್ಟ್‌ನಿಂದ ಹೊರಟು, ಬೊಂಬಾಯಿಯಲ್ಲಿ ಪ್ಲೇನ್ ಬದಲಿಸಿ, ಸಮುದ್ರದಾಚೆ ಭಾವನಿದ್ದ ನೈರೋಬಿಗೆ ಒಬ್ಬಳೇ ಹೋಗುವವಳಿದ್ದಳು. ಅಪ್ಪ ನನ್ನ ಸ್ಕೂಲ್ ಅಟ್ಲಾಸ್ ಮೇಲೆ ಸ್ಕೇಲ್ ಇಟ್ಟು ದೂರ ಅಳೆಯುತ್ತಿದ್ದರು.

"ಮೈಲಿ ಕಟ್ಕೊಂಡು ನನಗೇನ್ರೀ ಆಗ್ಬೇಕು? ಎಷ್ಟು ಹೊತ್ತಿನ ದಾರಿ ಹೇಳಿ, ಹೆಪ್ಪು ಹಾಕ್ಬೇಕು," ಎಂದಳು ಅಮ್ಮ. ಹಾಲನ್ನ ಕಲಸಿ, ದಾರಿಯಲ್ಲಿ ತಿನ್ನುವ ಹೊತ್ತಿಗೆ ಸರಿಯಾಗಿ ಮೊಸರನ್ನವಾಗುವಂತೆ ಮಾಡುವುದರಲ್ಲಿ ಅವಳು ಎಕ್ಸ್‌ಪರ್ಟ್.

"ನಾಳೆ ಮಧ್ಯಾಹ್ನ ಅಲ್ಲಿರ್ತಾಳೆ ಕಣೇ."

"ಅಷ್ಟೇನಾ? ನಮ್ಮ ಮೈಸೂರಿಗೆ ಟ್ರೇನಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಬೇಕು!" ಅಮ್ಮನ ಮುಖ ಅರಳಿತು.

"ಹಾಗಾದ್ರೆ ಹತ್ರಾನೇ ಬಿಡಮ್ಮ," ಎಂದಳು ಅಕ್ಕ. "ನನ್ನ ನೋಡೋಕೆ ಯಾವಾಗ ಬರ್ತೀಯಾ?"

ಅಮ್ಮ ಹಾಲನ್ನದ ಪಾತ್ರೆಗೆ ಕೈ ಹಾಕಿದಳು. ಅನ್ನ ಒಂದಗುಳೂ ಕಾಣದಷ್ಟು ನುಣ್ಣಗಾದರೂ ಕಲಸುತ್ತಲೇ ಇದ್ದಳು.