ಗಾಜಿಗೆ ಬೆನ್ನು ಮಾಡಿದ ಕುರ್ಚಿ

ಕೈಯಲ್ಲಿರುವ ಕೆಲಸ ಒಂದು ಕ್ಷಣ ಬದಿಗಿಡಿ... ಇದು ಒಂದು ಕುರ್ಚಿಯ ಕಥೆ.

ಉತ್ತರ ಕರ್ನಾಟಕದ ಒಂದು ದೊಡ್ಡ ಮಾನಸಿಕ ಆಸ್ಪತ್ರೆ. ಅಲ್ಲಿ ತೇಜಸ್ವಿನಿ ಎಂಬ ಹುಡುಗಿ ಕ್ಲಿನಿಕಲ್ ಸೈಕಾಲಜಿ ಟ್ರೈನಿಂಗ್‌ನಲ್ಲಿದ್ದಳು.

ಮಾತ್ರೆ ಬರೆಯುವ ಡಾಕ್ಟರ್ ಬೇರೆ... ಇವರದು ಎದುರು ಕೂತು, ಕೇಳಿ, ಮನಸ್ಸಿನ ಗಂಟು ಬಿಡಿಸುವ ಕೆಲಸ.

ಕಲಿಯುವವರಿಗೆ ಅಲ್ಲೊಂದು ಪದ್ಧತಿ ಇತ್ತು. ಮಾತಾಡುವ ಕೋಣೆಯ ಒಂದು ಗೋಡೆಗೆ ದೊಡ್ಡ ಗಾಜು. ಒಳಗಿದ್ದವರಿಗೆ ಅದು ಬರೀ ಕನ್ನಡಿ. ಆಚೆ ನಿಂತವರಿಗೆ ಒಳಗಿನದೆಲ್ಲ ಕಾಣುತ್ತದೆ, ಕೇಳುತ್ತದೆ.

ಆಚೆ ನಿಲ್ಲುತ್ತಿದ್ದವರು ಅವಳ ಗುರು ಇಂದುಮತಿ ಮೇಡಂ. ಜೊತೆಗೆ ಅವಳ ಕ್ಲಾಸಿನವರು.

ತೇಜಸ್ವಿನಿಗೆ ಬಂದ ಪೇಷೆಂಟ್ ಕಾಶವ್ವ. ನಲವತ್ತು ದಾಟಿದ ಹೆಂಗಸು. ಖಾನಾವಳಿಗೆ ರೊಟ್ಟಿ ಮಾಡಿಕೊಟ್ಟು ಬದುಕುವವಳು.

ಬಹಳ ವರ್ಷದ ಕಾಯಿಲೆ. ನಿದ್ದೆ ಇಲ್ಲ, ಇದ್ದಕ್ಕಿದ್ದಂತೆ ಸಿಟ್ಟು, ಕಿವಿಯಲ್ಲಿ ಯಾರೋ ಬೈದಂತೆ... ಒಬ್ಬ ಡಾಕ್ಟರ್ ಒಂದು ಹೆಸರು ಹೇಳಿದರೆ ಇನ್ನೊಬ್ಬರು ಇನ್ನೊಂದು ಹೇಳುತ್ತಿದ್ದರು.

"ಗಾಜಿನ ಆಚೆ ನಮ್ಮ ಮೇಡಂ, ನನ್ನ ಕ್ಲಾಸಿನವರು ಇರ್ತಾರೆ ಕಾಶವ್ವ. ಬೇಡ ಅನಿಸಿದ್ರೆ ಹೇಳಿ," ಎಂದಿದ್ದಳು ತೇಜಸ್ವಿನಿ ಮೊದಲ ದಿನವೇ.

"ಇರ್ಲಿ ತಗೋರಿ ಅಕ್ಕಾರ. ನಾ ರೊಟ್ಟಿ ಬಡಿಯೂದು ನೋಡಾಕೂ ಮಂದಿ ನಿಲ್ತಾರ. ಇದೇನ್ ಮಹಾ."

ಆಮೇಲೆ ವಾರಗಟ್ಟಲೆ ಬರೀ ಜೋಳದ ಮಾತು, ಒಲೆಯ ಮಾತು... ಎದೆಯೊಳಗಿನ ಮಾತು ಮಾತ್ರ ಇಲ್ಲ.

ಪರೀಕ್ಷೆ ಹತ್ತಿರ ಬಂತು. ಈ ಕೇಸಿನ ಮೇಲೇ ತೇಜಸ್ವಿನಿಯ ಮಾರ್ಕ್ಸು. ಅವಳಿಗೆ ಒಳಗೊಳಗೇ ಚಡಪಡಿಕೆ.

ಒಂದು ಮಂಗಳವಾರ ಕಾಶವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ತಗ್ಗಿದ ದನಿಯಲ್ಲಿ ಶುರು ಮಾಡಿದಳು.

"ನಾ ಸಣ್ಣಾಕಿ ಇದ್ದಾಗ್ರೀ... ನಮ್ಮ ಮನಿಗೆ ಒಬ್ಬಾಂವ ಬರ್ತಿದ್ದ..."

ತೇಜಸ್ವಿನಿಯ ಎದೆ ಜಿಗಿಯಿತು. ಅಂತೂ ಬಾಯಿ ಬಿಟ್ಟಳು.

ಅದೇ ಗಳಿಗೆಯಲ್ಲಿ ಅವಳ ಕಣ್ಣು ಗಾಜಿನ ಕಡೆ ಜಾರಿತು... ಮೇಡಂ ಕೇಳಿಸಿಕೊಂಡರಾ? ಮೆಚ್ಚಿದರಾ?

ಕನ್ನಡಿಯಲ್ಲಿ ಕಂಡದ್ದು ಅವಳದೇ ಮುಖ. ತುಟಿಯ ಮೇಲೆ ಒಂದು ಸಣ್ಣ ನಗು.

ತಿರುಗಿ ನೋಡುವಷ್ಟರಲ್ಲಿ ಕಾಶವ್ವನ ಬಾಯಿ ಮುಚ್ಚಿತ್ತು.

"ಏನಿಲ್ಲ ಬಿಡ್ರಿ. ತಲಿ ನೋಯಾಕತ್ತೈತಿ," ಎಂದವಳೇ ಎದ್ದು ಹೋದಳು.

ಹೊರಗೆ ಗೆಳತಿಯರು ಮುತ್ತಿಕೊಂಡರು. "ನಮ್ಮ ಪೇಷೆಂಟು ಊಟ ಆಯ್ತಾ ಅಂದ್ರೂ ಉತ್ತರ ಕೊಡಲ್ಲ ಮಾರಾಯ್ತಿ. ನಿಂದು ಗುಟ್ಟೇ ಬಿಚ್ತಿದೆ. ಪಾರ್ಟಿ ಯಾವಾಗ?"

ಇಂದುಮತಿ ಮೇಡಂ ನಗಲಿಲ್ಲ. ಎಲ್ಲರೂ ಹೋದ ಮೇಲೆ ಮೆಲ್ಲಗೆ ಕೇಳಿದರು. "ಆಕೆ ಮಾತು ಶುರು ಮಾಡಿದಾಗ ನೀನು ಎಲ್ಲಿ ನೋಡ್ತಿದ್ದೆ?"

"ಆಕೆಯನ್ನೇ, ಮೇಡಂ."

"ಗಾಜಿನ ಈಚೆ ನಿಂತಿದ್ದವಳು ನಾನು ಕಣಮ್ಮ... ನಿನ್ನ ಕಣ್ಣು ನೇರ ನನ್ನ ಕಣ್ಣಲ್ಲೇ ಇತ್ತು."

ತೇಜಸ್ವಿನಿ ತಲೆ ತಗ್ಗಿಸಿದಳು. ಮಾಡಿದ ತಪ್ಪು ಒಂದು... ಅದರ ಮೇಲೆ ಸುಳ್ಳು ಇನ್ನೊಂದು.

ಮುಂದಿನ ಮಂಗಳವಾರ ಕಾಶವ್ವನ ಕುರ್ಚಿ ಖಾಲಿ. ಅದರ ಮುಂದಿನ ವಾರವೂ ಖಾಲಿ.

ಹಾಸ್ಟೆಲಿನಲ್ಲಿ ತಲೆ ಬಾಚಲು ಕನ್ನಡಿ ಮುಂದೆ ನಿಂತರೂ ಹಿಂಸೆ... ಅದರಲ್ಲಿ ಆ ಸಣ್ಣ ನಗುವೇ ಕಾಣುತ್ತಿತ್ತು.

ಆಕೆ ಇನ್ನೆಂದೂ ಯಾರ ಮುಂದೆಯೂ ಬಾಯಿ ಬಿಡದಿದ್ದರೆ? ಆ ಬಾಗಿಲು ಮುಚ್ಚಿದವಳು ತಾನೇ ಅಲ್ಲವೇ?

ತಡೆಯಲಾರದೆ ಮೇಡಂ ಹತ್ತಿರ ಹೋದಳು. "ನಾನು ಹೋಗಿ ಕ್ಷಮೆ ಕೇಳ್ತೀನಿ ಮೇಡಂ."

"ತಪ್ಪು ನನ್ನದು ಅಂತ ಹೇಳು. ಆದ್ರೆ ಆಕೆ ಮುಂದೆ ಅಳಬೇಡ. ಕ್ಷಮಿಸಿ ಅಂತ ಬೇಡಿಕೊಳ್ಳಲೂ ಬೇಡ," ಎಂದರು ಮೇಡಂ. "ನಿನ್ನ ಮನಸ್ಸು ಹಗುರ ಮಾಡೋ ಕೆಲಸಾನೂ ಆಕೆ ತಲೆ ಮೇಲೆ ಹೊರಿಸಬೇಡ."

ಮಾತ್ರೆ ಕೊಡುವ ದಿನ ಕಾಶವ್ವ ಸಾಲಿನಲ್ಲಿ ಸಿಕ್ಕಳು. ತೇಜಸ್ವಿನಿ ಅವಳನ್ನು ಯಾರೂ ಇಲ್ಲದ ಕಡೆ, ಬೇವಿನ ಮರದ ಕೆಳಗೆ ಕರೆದಳು.

"ಕಾಶವ್ವ, ಅವತ್ತು ನೀವು ಮಾತು ಶುರು ಮಾಡಿದಾಗ ನಾನು ನಿಮ್ಮನ್ನ ನೋಡ್ಲಿಲ್ಲ. ಗಾಜು ನೋಡಿದೆ. ಮೇಡಂ ನನ್ನ ಮೆಚ್ಚಿಕೊಂಡ್ರಾ ಅಂತ ನೋಡಿದೆ. ನಿಮ್ಮದೇನೂ ತಪ್ಪಿರಲಿಲ್ಲ. ತಪ್ಪು ನನ್ನದು."

ಕಾಶವ್ವ ಮಾತ್ರೆಯ ಚೀಟಿ ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡಳು.

"ಆಂವ ಏನ್ ಮಾಡಿದ ಅಂತ ನಾ ನಮ್ಮವ್ವಗ ಹೇಳಾಕ ಹೋದೆರೀ... ಆಕಿ ನನ್ನ ಮಾರಿ ನೋಡಲಿಲ್ಲ. ಬಾಗಲದ ಕಡೆ ನೋಡಿದ್ಲು. ಯಾರರ ಕೇಳಿಸ್ಕೊಂಡ್ರೇನೋ ಅಂತ..."

ತೇಜಸ್ವಿನಿಗೆ ಈಗ ಅರ್ಥವಾಯಿತು. ಎಷ್ಟೋ ವರ್ಷದ ಗಾಯ... ತಾನು ಕೈ ಇಟ್ಟದ್ದು ಸರಿಯಾಗಿ ಅದರ ಮೇಲೇ.

"ನೀವು ಕನ್ನಡಿ ನೋಡಿದಾಗ ನನಗ ನಮ್ಮವ್ವನ ನೆನಪಾತು," ಎಂದಳು ಕಾಶವ್ವ. "ಆದ್ರ ನಮ್ಮವ್ವ ಹೊಳ್ಳಿ ಬರಲಿಲ್ಲರೀ. ತಪ್ಪು ನಂದು ಅಂತ ಸಾಯೂ ತನಕಾ ಅನ್ನಲಿಲ್ಲ. ನೀವು ಬಂದ್ರಿ..."

ಅಳಬೇಡ ಎಂದಿದ್ದರು ಮೇಡಂ. ತೇಜಸ್ವಿನಿ ಹಲ್ಲು ಕಚ್ಚಿ ನಿಂತಳು.

ಅತ್ತದ್ದು ಕಾಶವ್ವ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಸಣ್ಣ ಮಗುವಿನ ಹಾಗೆ.

ಮಂಗಳವಾರ ಕಾಶವ್ವ ಬಂದಳು.

"ಗಾಜಿನ ಆಚೆ ಯಾರೂ ಇರೋದು ಬೇಡ ಅಂದ್ರೆ ಕಳಿಸ್ತೀನಿ," ಎಂದಳು ತೇಜಸ್ವಿನಿ.

"ಇರ್ಲಿ ಬಿಡ್ರಿ, ಕಲಿಯೋರು ಕಲೀಲಿ. ಏಳ್ರಿ ಸ್ವಲ್ಪ."

ತೇಜಸ್ವಿನಿ ಎದ್ದಳು. ಕಾಶವ್ವ ಅವಳ ಕುರ್ಚಿಯನ್ನು ಕರಕರ ಎಳೆದು, ಗಾಜಿಗೆ ಬೆನ್ನು ಬರುವ ಹಾಗೆ ಇಟ್ಟಳು.

"ಈಗ ಕುಂಡ್ರಿ ಅಕ್ಕಾರ. ಈಗ ನಿಮಗ ನಾ ಒಬ್ಬಾಕಿನ ಕಾಣ್ತೀನಿ."

ಆ ದಿನ ಗಾಜಿನ ಆಚೆ ನಿಂತಿದ್ದವರಿಗೆ ತೇಜಸ್ವಿನಿಯ ಬೆನ್ನು ಮಾತ್ರ ಕಂಡಿತು... ಕಾಶವ್ವ ಮಾತು ನಿಲ್ಲಿಸಲಿಲ್ಲ.

ಕಾಶವ್ವ ಕ್ಷಮಿಸಿದಳೋ ಇಲ್ಲವೋ, ತೇಜಸ್ವಿನಿ ಕೇಳಲಿಲ್ಲ. ಆ ಭಾರ ತಾನೇ ಹೊತ್ತುಕೊಂಡಳು.

*ತಪ್ಪು ಯಾರಿಂದಲಾದರೂ ಆಗುತ್ತದೆ... ಹಿಂದಿರುಗಿ ಬಂದು "ಅದು ನನ್ನದು" ಎನ್ನುವವರು ಮಾತ್ರ ಗಾಯಕ್ಕೆ ಮದ್ದಾಗುತ್ತಾರೆ.*

ನಿಮ್ಮ ಎದುರು ಯಾರೋ ಎದೆ ಬಿಚ್ಚುವಾಗ... ನಿಮ್ಮ ಕಣ್ಣು ಎಲ್ಲಿರುತ್ತದೆ?